ಹೊಸದೇನೋ ಸರಿ, ಹಳೆಯದೆಲ್ಲಿ?

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಡಿಸೆಂಬರ್ ಕೊನೆ ಬಂತೆಂದರೆ ಬ್ಯಾಂಕಿನ ಕ್ಯಾಲೆಂಡರಿಗೆ, ಔಷಧಿ ಅಂಗಡಿಯ ಡೈರಿಗೆ ಮುಗಿಬೀಳುತ್ತೇವೆ. ಹೋದ ವರ್ಷದ ಡೈರಿ ಹಾಳೆ ಮುರಿಯದೆ ಬಿದ್ದಿದ್ದರೂ ಈ ವರ್ಷದ್ದು ಬೇಕೇ ಬೇಕು. ಆದರೆ ಅಷ್ಟೇ ಪುಕ್ಕಟೆಯಾಗಿ, ಬಣ್ಣಬಣ್ಣದ ಚಿತ್ರಗಳೊಂದಿಗೆ ಸಿಗುವ ಒಂದು ಪುಸ್ತಕವನ್ನು ಮಾತ್ರ ಯಾರೂ ಮೂಸಿಯೂ ನೋಡುವುದಿಲ್ಲ. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಂದಾಗ ಅದರಲ್ಲಿ ಏನೇನು ಹೊಸದಿದೆ ಎಂದು ವಿವರಿಸಿ ಕಂಪನಿಯೇ ಹೊರಡಿಸುವ ಅಧಿಕೃತ ಕೈಪಿಡಿ ಅದು. ಯಾರೂ ಓದದ ಈ ಸಾಹಿತ್ಯಪ್ರಕಾರವನ್ನು ಓದುವ ಚಟ ನನಗಿದೆ. ಮನೆಯವರು ಇದನ್ನು ಚಟವೆಂದು ಒಪ್ಪುವುದಿಲ್ಲ, ಕೆಲಸ ತಪ್ಪಿಸಿಕೊಳ್ಳುವ ಉಪಾಯ ಎನ್ನುತ್ತಾರೆ.

ಇವುಗಳಲ್ಲಿ ನನಗೆ ಮೆಚ್ಚಿನದು 2009ರ ವಿಂಡೋಸ್ 7ರ ಪ್ರಾಡಕ್ಟ್ ಗೈಡ್. ಮೈಕ್ರೋಸಾಫ್ಟ್ ಅದನ್ನು ಎರಡು ರೂಪದಲ್ಲಿ ಉಚಿತವಾಗಿ ಕೊಟ್ಟಿತ್ತು. ಒಂದು ಪಿಡಿಎಫ್. ಇನ್ನೊಂದು ಎಕ್ಸ್‌ಪಿಎಸ್, ಪಿಡಿಎಫ್‌ಗೆ ಸಡ್ಡು ಹೊಡೆಯಲೆಂದು ಮೈಕ್ರೋಸಾಫ್ಟೇ ಹುಟ್ಟಿಸಿದ್ದು. ತಮಾಷೆ ಏನೆಂದರೆ, ವಿಂಡೋಸ್ 7ರ ಹೊಟ್ಟೆಯೊಳಗೆ ಪಿಡಿಎಫ್ ತೆರೆಯುವ ಸಲಕರಣೆಯೇ ಇರಲಿಲ್ಲ. ಬೇರೆಯವರ ತಂತ್ರಾಂಶವನ್ನು ಇಳಿಸಿಕೊಂಡು ಹಾಕಿಕೊಳ್ಳಬೇಕಿತ್ತು. ಎಕ್ಸ್‌ಪಿಎಸ್ ಸಲೀಸಾಗಿ ತೆರೆಯುತ್ತಿತ್ತು. ಆದರೆ ಈ ಕೈಪಿಡಿಯನ್ನು ಬಿಟ್ಟರೆ ಎಕ್ಸ್‌ಪಿಎಸ್‌ನಲ್ಲಿ ಇನ್ನೊಂದು ಕಡತ ನನ್ನ ಕಣ್ಣಿಗೆ ಬಿದ್ದದ್ದು ನೆನಪಿಲ್ಲ.

ಇಂಥ ಕೈಪಿಡಿಗಳ ಧಾಟಿಯೇ ಬೇರೆ. ಹುಡುಗನಿಗೆ ಸ್ವಂತ ಮನೆಯಿದೆ, ಒಳ್ಳೆಯ ಸಂಬಳವಿದೆ, ತಂಗಿಯರ ಮದುವೆ ಮುಗಿದಿದೆ ಎಂದೆಲ್ಲ ಹೇಳಿ, ಗೊರಕೆಯ ಸುದ್ದಿಯನ್ನು ಮಾತ್ರ ಎತ್ತದ ಮದುವೆ ದಲ್ಲಾಳಿಯ ಧಾಟಿ ಅದು. ಎಲ್ಲವೂ ಮೊದಲಿಗಿಂತ ವೇಗ, ಮೊದಲಿಗಿಂತ ಸರಳ, ಮೊದಲಿಗಿಂತ ಸುರಕ್ಷಿತ. ಹಾಗಾದರೆ ಮೊದಲಿನದು ಅಷ್ಟು ನಿಧಾನ, ಅಷ್ಟು ಗೋಜಲು, ಅಷ್ಟು ಅಪಾಯಕಾರಿ ಆಗಿತ್ತೇ ಎಂದು ಕೇಳಬಾರದು. ಅದನ್ನು ಮಾರುವಾಗಲೂ ಇದೇ ಮೂರು ಮಾತು ಹೇಳಿರುತ್ತಾರೆ.

ಹಾಗೆಂದು ಓದುವುದು ದಂಡವಲ್ಲ. ಓದಿದವರಿಗೆ ಮಾತ್ರ ತಿಳಿಯುವ ಕೆಲವು ಸಂಗತಿಗಳು ಅಲ್ಲಿ ಅಡಗಿರುತ್ತವೆ. ವಿಂಡೋಸ್ 7ರಲ್ಲಿ ಒಂದು ಕಿಟಕಿಯ ತಲೆಪಟ್ಟಿಯನ್ನು ಮೌಸಿನಿಂದ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರೆ, ಮಿಕ್ಕ ಕಿಟಕಿಗಳೆಲ್ಲ ತಟಕ್ಕನೆ ಕೆಳಗಿಳಿದು ಮಾಯವಾಗುತ್ತಿದ್ದವು. ಇನ್ನೊಮ್ಮೆ ಅಲ್ಲಾಡಿಸಿದರೆ ಎಲ್ಲವೂ ಪ್ರತ್ಯಕ್ಷ. ಇದಕ್ಕೆ ಏರೋ ಶೇಕ್ ಎಂದು ಹೆಸರು. ಕೈಪಿಡಿ ಓದಿದವರು ಇದನ್ನು ಬೇಕೆಂದೇ ಮಾಡಿ ಪಕ್ಕದವರನ್ನು ಬೆರಗುಗೊಳಿಸುತ್ತಿದ್ದರು. ಓದದವರಿಗೆ ಕೈ ನಡುಗಿದಾಗ ತಾನಾಗಿಯೇ ಆಗಿ ಎದೆ ಧಸಕ್ಕೆನ್ನುತ್ತಿತ್ತು. ವಿಂಡೋಸ್ 11ರ ಹೊತ್ತಿಗೆ ಈ ಸೌಲಭ್ಯವನ್ನು ಮೊದಲಿಗೇ ಆರಿಸಿಟ್ಟರು. ಬೇಕಾದವರು ಹುಡುಕಿ ಹಚ್ಚಿಕೊಳ್ಳಬೇಕು. ಬೆರಗಾದವರಿಗಿಂತ ಗಾಬರಿಯಾದವರೇ ಹೆಚ್ಚಿದ್ದಿರಬೇಕು.

ಹೊಸ ಯಂತ್ರಕ್ಕೆ ಉಪಾಧ್ಯಾಯರನ್ನೂ ಜೊತೆಗೇ ಕೊಟ್ಟು ಕಳಿಸುವ ಪದ್ಧತಿ ಹಳೆಯದು. 1984ರ ಜನವರಿಯಲ್ಲಿ ಆಪಲ್ ಕಂಪನಿ ಮೊದಲ ಮ್ಯಾಕಿಂತೋಷನ್ನು ಬಿಟ್ಟಾಗ ಪೆಟ್ಟಿಗೆಯಲ್ಲಿ ಒಂದು ಆಡಿಯೋ ಕ್ಯಾಸೆಟ್ ಇತ್ತು. ಕಂಪ್ಯೂಟರಿಗೆ ಫ್ಲಾಪಿ ತುರುಕಿ, ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಎರಡನ್ನೂ ಒಟ್ಟಿಗೆ ನಡೆಸಬೇಕು. ಹಿನ್ನೆಲೆಯಲ್ಲಿ ಹಿತವಾದ ಸಂಗೀತ, ಮುಂದೆ ಒಂದು ಸಮಾಧಾನದ ದನಿ. ಪರದೆಯ ಮೇಲೆ ತಾನಾಗಿ ಓಡಾಡುವ ಬಾಣ. ಹೇಳಿಕೊಡುತ್ತಿದ್ದದ್ದು ದೊಡ್ಡ ವಿದ್ಯೆಯನ್ನೇನಲ್ಲ, ಮೌಸ್ ಹಿಡಿಯುವುದನ್ನು, ಒತ್ತುವುದನ್ನು, ಎಳೆಯುವುದನ್ನು. ಇವತ್ತು ಇದನ್ನು ಕೇಳಿ ನಗುತ್ತೇವೆ. ಆದರೆ ಮೇಜಿನ ಅಂಚಿಗೆ ಬಂದ ಮೌಸನ್ನು ಎತ್ತಿ ಮತ್ತೆ ನಡುವೆ ಇಟ್ಟರೆ ಬಾಣ ಇದ್ದಲ್ಲೇ ಇರುತ್ತದೆ ಎನ್ನುವುದು ಯಾರಿಗಾದರೂ ಹುಟ್ಟುತ್ತಲೇ ಗೊತ್ತಿರುವ ಸಂಗತಿಯೇ? ನಮ್ಮ ಊರಿನ ಕಂಪ್ಯೂಟರ್ ತರಗತಿಯಲ್ಲಿ ಮೇಜು ಸಾಲದೆ ಮೌಸನ್ನು ಗೋಡೆಯ ಮೇಲೆ ಹತ್ತಿಸಿದವರನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ಮಟ್ಟಿಗೆ ಅತ್ಯುತ್ತಮ ಕೈಪಿಡಿ ಎಂದರೆ ಕೈಪಿಡಿಯಂತೆ ಕಾಣದ್ದು. 1990ರ ವಿಂಡೋಸ್ 3.0 ಜೊತೆಗೆ ಸಾಲಿಟೇರ್ ಇಸ್ಪೀಟಾಟ ಬಂತು. ಅದನ್ನು ಬರೆದವರು ಆಗ ಮೈಕ್ರೋಸಾಫ್ಟಿನಲ್ಲಿ ತರಬೇತಿಗೆಂದು ಬಂದಿದ್ದ ವೆಸ್ ಚೆರ್ರಿ ಎಂಬ ಹುಡುಗ; ಅದಕ್ಕಾಗಿ ಅವರಿಗೆ ಗೌರವಧನ ಗೀರವಧನ ಏನೂ ಸಿಗಲಿಲ್ಲವಂತೆ. ಎಲೆಗಳ ಚಿತ್ರ ಬರೆದವರು ಸೂಸನ್ ಕೇರ್, ಮ್ಯಾಕಿಂತೋಷಿನ ಪುಟ್ಟ ಪುಟ್ಟ ಚಿಹ್ನೆಗಳನ್ನು ಬರೆದ ಅದೇ ಕಲಾವಿದೆ. ಒಂದು ಎಲೆಯನ್ನು ಮೌಸಿನಿಂದ ಹಿಡಿದು, ಎಳೆದು, ಇನ್ನೊಂದರ ಮೇಲೆ ಬಿಡುವುದು ಆಟ. ಹಿಡಿದು ಎಳೆದು ಬಿಡುವುದೇ ಆ ಹೊಸ ವ್ಯವಸ್ಥೆಯ ಮೂಲ ಪಾಠ. 1992ರ ವಿಂಡೋಸ್ 3.1ರಲ್ಲಿ ಮೈನ್‌ಸ್ವೀಪರ್ ಬಂತು. ಬಾಂಬಿಗೆ ಬಾವುಟ ನೆಡಬೇಕಾದರೆ ಬಲಗುಂಡಿ ಒತ್ತಬೇಕು, ಹೀಗೆ ಬಲಗುಂಡಿಯ ಪಾಠವೂ ಆಯಿತು. ನಮ್ಮ ಕಚೇರಿಗಳಲ್ಲಿ ಕಂಪ್ಯೂಟರ್ ಬಂದ ಹೊಸತರಲ್ಲಿ ಇಡೀ ಮಧ್ಯಾಹ್ನ ಇಸ್ಪೀಟು ಆಡುತ್ತಾರೆಂದು ಜನ ಗುಮಾಸ್ತರನ್ನು ಬೈಯುತ್ತಿದ್ದರು. ಪಾಪ, ಅವರು ಅಧಿಕೃತ ಪಠ್ಯಕ್ರಮದ ಪ್ರಕಾರವೇ ತರಬೇತಿ ಪಡೆಯುತ್ತಿದ್ದರು. ಕೆಲವರು ಎಷ್ಟು ಶ್ರದ್ಧಾವಂತರೆಂದರೆ ನಿವೃತ್ತಿಯವರೆಗೂ ತರಬೇತಿಯನ್ನು ಬಿಡಲಿಲ್ಲ.

ಅದ್ದೂರಿ ಎಂದರೆ ವಿಂಡೋಸ್ 95ರದ್ದು. 1995ರ ಆಗಸ್ಟ್ 24ರಂದು ಅದು ಬಿಡುಗಡೆಯಾದಾಗ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯ ಆ ದಿನದ ಪ್ರತಿಗಳನ್ನೆಲ್ಲ ಮೈಕ್ರೋಸಾಫ್ಟೇ ಕೊಂಡು ಓದುಗರಿಗೆ ಬಿಟ್ಟಿಯಾಗಿ ಹಂಚಿತು. ಹೊಸ ವ್ಯವಸ್ಥೆಯನ್ನು ಪರಿಚಯಿಸಲು ಒಂದು ವಿಡಿಯೋ ಗೈಡ್ ಬೇರೆ ತಯಾರಾಯಿತು. ಅದರಲ್ಲಿ ಪಾಠ ಕೇಳುವವರು ಫ್ರೆಂಡ್ಸ್ ಧಾರಾವಾಹಿಯ ಜೆನ್ನಿಫರ್ ಅನಿಸ್ಟನ್ ಮತ್ತು ಮ್ಯಾಥ್ಯೂ ಪೆರ್ರಿ. ಇಬ್ಬರೂ ಫೈಲು, ಫೋಲ್ಡರು, ಟಾಸ್ಕ್‌ಬಾರ್ ಎಂದು ಹುಬ್ಬೇರಿಸುತ್ತಾರೆ. ಈಗ ನೋಡಿದರೆ ಅವರ ಮುಖದ ಅಚ್ಚರಿಗಾಗಿಯೇ ಅವರಿಗೆ ದುಡ್ಡು ಕೊಟ್ಟಿರಬೇಕು ಅನಿಸುತ್ತದೆ. ಆದರೆ ಇಷ್ಟೆಲ್ಲ ಖರ್ಚಿಗಿಂತ ಹೆಚ್ಚಿನ ಕೆಲಸ ಮಾಡಿದ್ದು ಒಂದು ಸಣ್ಣ ಉಪಾಯ. ಕಂಪ್ಯೂಟರ್ ಹಚ್ಚಿ ಸುಮ್ಮನೆ ಕೂತರೆ, ಕೆಳಗಿನ ಪಟ್ಟಿಯಲ್ಲಿ ಬಾಣದ ಗುರುತೊಂದು ‘ಇಲ್ಲಿ ಒತ್ತಿ ಶುರುಮಾಡಿ’ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಹೊತ್ತು ಬಲದಿಂದ ಜಾರುತ್ತ ಬಂದು ಸ್ಟಾರ್ಟ್ ಗುಂಡಿಗೆ ಡಿಕ್ಕಿ ಹೊಡೆಯುತ್ತಿತ್ತು. ಆ ಒಂದು ಸಾಲೇ ಸಾಕಾಗಿತ್ತು.

ಇನ್ನು 2001ರ ವಿಂಡೋಸ್ ಎಕ್ಸ್‌ಪಿ. ಮೂಲೆಯಿಂದ ಹಳದಿ ಗುಳ್ಳೆಯೊಂದು ಎದ್ದು, ಬನ್ನಿ, ಒಂದು ಸುತ್ತು ತಿರುಗಿಸಿ ತೋರಿಸುತ್ತೇನೆ ಎಂದು ಕರೆಯುತ್ತಿತ್ತು. ಹೋದರೆ ಸಂಗೀತ, ಬಣ್ಣ, ಫೋಟೋ, ಹಾಡು ಎಲ್ಲವನ್ನೂ ತೋರಿಸುತ್ತಿತ್ತು. ನಮಗೆ ನಿಜವಾಗಿ ಬೇಕಾಗಿದ್ದ ಸಂಗತಿಯೊಂದು ಆ ಯಾತ್ರೆಯಲ್ಲಿ ಬರುತ್ತಲೇ ಇರಲಿಲ್ಲ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಮೂಡುತ್ತಿತ್ತು. ಅದಕ್ಕೊಂದು ಅಕ್ಷರಶೈಲಿಯನ್ನೂ ಕೊಟ್ಟಿದ್ದರು, ಹೆಸರು ತುಂಗಾ. ತೆಲುಗಿನವರಿಗೆ ಗೌತಮಿ, ನಮಗೆ ತುಂಗಾ. ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳನ್ನು ತೆರೆದು, ಭಾಷೆಗಳ ಪುಟದಲ್ಲಿ ಒಂದು ಚೌಕಕ್ಕೆ ಸರಿ ಗುರುತು ಹಾಕಿದರೆ ಮಾತ್ರ ಅದು ಪ್ರಸನ್ನವಾಗುತ್ತಿತ್ತು. ಆ ಚೌಕದ ಮುಂದೆ ಕನ್ನಡ ಎಂದಾಗಲಿ ಭಾರತ ಎಂದಾಗಲಿ ಬರೆದಿರಲಿಲ್ಲ. ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು, ಥಾಯ್ ಸೇರಿದಂತೆ, ಎಂದಿತ್ತು. ತುಂಗೆ ಥಾಯ್ಲೆಂಡಿನ ಮೂಲಕ ಹರಿದು ಬರುತ್ತಾಳೆಂದು ಯಾರು ಊಹಿಸಿಯಾರು? ಗುರುತು ಹಾಕಿದ ಮೇಲೆ ಸಿಡಿ ಹಾಕಿ ಎಂದು ಕೇಳುತ್ತಿತ್ತು. ಸಿಡಿ ಎಲ್ಲಿದೆ ಎಂದು ಹುಡುಕುವುದರೊಳಗೆ ಬಹಳಷ್ಟು ಕನ್ನಡಾಭಿಮಾನಿಗಳು ಮತ್ತೆ ಇಂಗ್ಲಿಷಿಗೇ ಶರಣಾಗಿರುತ್ತಿದ್ದರು. ಇದನ್ನು ಗೊತ್ತಿದ್ದವರು ಗೊತ್ತಿಲ್ಲದವರಿಗೆ ಬಾಯಿಂದ ಬಾಯಿಗೆ ದಾಟಿಸಿದರು.

ತುಂಗೆಯ ಮಾತು ಬಂದಿತಲ್ಲ, ಅದೇ ಹೊಳೆಯ ದಂಡೆಯ ತೀರ್ಥಹಳ್ಳಿಯಲ್ಲಿರುವ ನನ್ನ ಸೋದರಮಾವನ ಪ್ರಸಂಗ ಹೇಳಿಬಿಡುತ್ತೇನೆ. ನಿವೃತ್ತ ಮೇಷ್ಟ್ರು. ಅಚ್ಚಾದದ್ದನ್ನು ಓದದೆ ಬಿಡುವವರಲ್ಲ, ಪರದೆಯ ಮೇಲಿದ್ದದ್ದನ್ನು ಓದುವವರೂ ಅಲ್ಲ. ಹೊಸ ಕಂಪ್ಯೂಟರ್ ಬಂದಾಗ ಮಗ ಕಳಿಸಿದ ಅಧಿಕೃತ ಕೈಪಿಡಿಯನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೊರಟರು. ನಾನೂ ಜೊತೆಗಿದ್ದೆ.

“ಕಲರ್‍ರಾ, ಬ್ಲ್ಯಾಕ್ ಅಂಡ್ ವೈಟಾ ಮೇಷ್ಟ್ರೇ?”

“ಕಲರಿಗೆ ಎಷ್ಟಪ್ಪಾ?”

ಹುಡುಗ ರೇಟು ಹೇಳಿದ. ಮಾವ ಒಂದು ಕ್ಷಣ ನನ್ನ ಮುಖ ನೋಡಿದರು.

“ಬ್ಲ್ಯಾಕ್ ಅಂಡ್ ವೈಟೇ ಮಾಡು. ಎರಡೂ ಮಗ್ಗುಲು. ಸ್ಪೈರಲ್ ಹಾಕ್ಬಿಡು, ಮೇಲೆ ಪ್ಲಾಸ್ಟಿಕ್ ಇರಲಿ.”

ಹಾಗೆ ಪುಕ್ಕಟೆ ಪುಸ್ತಕ ಮಾವನ ಪಾಲಿಗೆ ದುಡ್ಡಿನ ಪುಸ್ತಕವಾಯಿತು. ಮನೆಗೆ ಬಂದು ಕನ್ನಡಕ ಏರಿಸಿ ಕೂತರು. ನೀಲಿ ಗುಂಡಿಯನ್ನು ಒತ್ತಿ ಎಂದಿತ್ತು. ಪುಟದಲ್ಲಿ ಎಲ್ಲ ಗುಂಡಿಯೂ ಬೂದುಬಣ್ಣ. ಹಸಿರು ಗುರುತು ಕಂಡರೆ ಎಲ್ಲವೂ ಸರಿಯಿದೆ, ಕೆಂಪು ಕಂಡರೆ ಅಪಾಯ ಎಂದಿತ್ತು. ಅದೂ ಬೂದು, ಇದೂ ಬೂದು. ಮಾವ ಧೃತಿಗೆಡಲಿಲ್ಲ. ಕೆಂಪು ಪೆನ್ಸಿಲ್ ಹಿಡಿದು, ಪರದೆಯನ್ನು ನೋಡಿ ನೋಡಿ, ಕೆಂಪಿರಬೇಕಾದ ಕಡೆ ತಾವೇ ಬಣ್ಣ ತುಂಬಿದರು. ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ. ನಡುನಡುವೆ ಅಲ್ಪವಿರಾಮ ತಪ್ಪಿದ್ದಲ್ಲಿ ಒಂದು ಸುತ್ತು ಹಾಕುವುದನ್ನೂ ಮರೆಯಲಿಲ್ಲ. ಕೊನೆಯ ಪುಟ ಮುಗಿಸಿ, ಪುಸ್ತಕ ಮಡಿಚಿ, ಹೇಳಿದರು:

“ಎಲ್ಲ ಚೆನ್ನಾಗಿದೆ ಕಣೋ. ಹೊಸದೇನು ಬಂತು ಅಂತ ಇಷ್ಟು ದಪ್ಪ ಬರೆದಿದ್ದಾರೆ. ಹಳೆಯದು ಎಲ್ಲಿಗೆ ಹೋಯ್ತು ಅಂತ ಒಂದು ಪುಟ ಬರೆಯೋಕೆ ಏನಾಗಿತ್ತು ಇವರಿಗೆ?”

ಇಷ್ಟು ವರ್ಷ ಕೈಪಿಡಿ ಓದಿದ ನನಗೆ ಹೊಳೆಯದ ಮಾತು. ಹೊಸ ವ್ಯವಸ್ಥೆಯ ಮುಂದೆ ಕೂತವನು ಮೊದಲು ಹುಡುಕುವುದು ಹೊಸದನ್ನಲ್ಲ. ನಿನ್ನೆ ಇದ್ದ ಪ್ರಿಂಟರ್ ಎಲ್ಲಿ, ಆರಿಸುವ ಗುಂಡಿ ಎಲ್ಲಿ, ಮೊಮ್ಮಗಳ ಫೋಟೋ ಎಲ್ಲಿ? 2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಗುಂಡಿಯನ್ನೇ ಎತ್ತಿಬಿಟ್ಟಿದ್ದರು. ಹದಿನೇಳು ವರ್ಷ ಜನ ಒತ್ತಿ ಒತ್ತಿ ಬೆರಳಿಗೆ ರೂಢಿಯಾಗಿದ್ದ ಗುಂಡಿ. ಅದರ ಬದಲು ಮೊದಲ ಸಲ ಒಳಗೆ ಹೋಗುವಾಗ ಒಂದು ಚುಟುಕು ಚಲನಚಿತ್ರ: ಮೌಸನ್ನು ಯಾವುದಾದರೂ ಮೂಲೆಗೆ ಒಯ್ಯಿರಿ. ಅಷ್ಟೇ ಪಾಠ. ಅದೇ ಕಾಲಕ್ಕೆ ಮೈಕ್ರೋಸಾಫ್ಟ್ ಪ್ರೆಸ್ ಜೆರ್ರಿ ಹನಿಕಟ್ ಅವರ ಒಂದು ಇಡೀ ಪುಸ್ತಕವನ್ನು ಉಚಿತವಾಗಿ ಕೊಟ್ಟಿತು. ಮುಂದೆ 8.1ಕ್ಕೆ, 10ಕ್ಕೆ ಎಡ್ ಬಾಟ್ ಅವರ ಪುಸ್ತಕಗಳು ಬಂದವು, ಅವೂ ಉಚಿತ. ಎಲ್ಲವೂ ಐಟಿ ವೃತ್ತಿಪರರಿಗೆ ಎಂದು ಮುಖಪುಟದಲ್ಲೇ ಇದೆ. ಗೊತ್ತಿರುವವರಿಗೆ ಪುಸ್ತಕ, ಗೊತ್ತಿಲ್ಲದವರಿಗೆ ನಾಲ್ಕು ಮೂಲೆ! 2013ರಲ್ಲಿ 8.1 ಬಂದಾಗ ಸ್ಟಾರ್ಟ್ ಗುಂಡಿ ಹಿಂದಿರುಗಿತು, ಹೊಸ ಸೌಲಭ್ಯಗಳ ಸಾಲಿನಲ್ಲಿ.

ಕಿತ್ತುಕೊಂಡದ್ದನ್ನು ಹಿಂದಿರುಗಿಸಿ ಉಡುಗೊರೆ ಎನ್ನುವ ಈ ಚಾಳಿ ಮುಂದೆಯೂ ಹೋಗಲಿಲ್ಲ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಸ್ಟಾರ್ಟ್ ಗುಂಡಿಯನ್ನು ಎಡದ ಮೂಲೆಯಿಂದ ನಡುವಿಗೆ ತಂದಿತು. ಬಲಗುಂಡಿ ಒತ್ತಿದರೆ ಬರುತ್ತಿದ್ದ ಪಟ್ಟಿಯಲ್ಲಿ ಕಟ್, ಕಾಪಿ ಎಂಬ ಮಾತುಗಳೆಲ್ಲ ಹೋಗಿ ಕತ್ತರಿ, ಕಾಗದದ ಚಿತ್ರಗಳಾದವು. ಕೆಳಪಟ್ಟಿಯಲ್ಲಿ ತೆರೆದ ಕಿಟಕಿಗಳ ಹೆಸರನ್ನು ಬಿಡಿಬಿಡಿಯಾಗಿ ತೋರಿಸುವ ಆಯ್ಕೆಯೂ ಹೋಯಿತು. 2023ರಲ್ಲಿ ಹೆಸರುಗಳು ಮರಳಿದವು. ಆಮೇಲೆ ಕತ್ತರಿಯ ಕೆಳಗೂ ಕಟ್ ಎಂಬ ಅಕ್ಷರ ಬಂತು. ಎರಡೂ ಸಲ ಪ್ರಕಟಣೆಯಲ್ಲಿ ಹೊಸ ಸುಧಾರಣೆ ಎಂದೇ ಇತ್ತು.

ಮಾವ ಕೇಳಿದ ಪುಟ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇನ್ನು ಬೆಳೆಸುವುದಿಲ್ಲ, ಮುಂದೆ ತೆಗೆದುಬಿಡುತ್ತೇವೆ ಎಂದು ತೀರ್ಮಾನಿಸಿದ ಸೌಲಭ್ಯಗಳ ಪಟ್ಟಿಯನ್ನೂ ಮೈಕ್ರೋಸಾಫ್ಟ್ ಹೊರಡಿಸುತ್ತದೆ. ಮುಖಪುಟದಲ್ಲಿ ಹಾಕುವುದಿಲ್ಲ, ಹುಡುಕಿ ಹೋದವರಿಗೆ ಸಿಗುತ್ತದೆ. ವಿಂಡೋಸ್ 95ರಿಂದ ಜೊತೆಗಿದ್ದ ವರ್ಡ್‌ಪ್ಯಾಡ್ 2023ರಲ್ಲಿ ಆ ಪಟ್ಟಿಗೆ ಸೇರಿ ಮರುವರ್ಷ ಕಾಣೆಯಾಯಿತು. ಅದೇ 2023ರಲ್ಲಿ ಪಟ್ಟಿಗೆ ಸೇರಿದ ಇನ್ನೊಂದು ಹೆಸರು ಟಿಪ್ಸ್, ಅಂದರೆ ಹೊಸ ಸೌಲಭ್ಯಗಳನ್ನು ಜನರಿಗೆ ಹೇಳಿಕೊಡಲೆಂದೇ ಇದ್ದ ತಂತ್ರಾಂಶ! ಈ ಪಟ್ಟಿಯನ್ನು ಮಾವನಿಗೆ ಓದಿ ಹೇಳಿದೆ. ಪೇಪರ್ ಕೈಗೆ ಬಂದರೆ ನಿಧನವಾರ್ತೆಯಿಂದ ಶುರುಮಾಡುವ ಮನುಷ್ಯ, ಬಹಳ ಗಮನವಿಟ್ಟು ಕೇಳಿದರು. “ವರ್ಡ್‌ಪ್ಯಾಡಿಗೆ ಏನಾಗಿತ್ತಂತೆ?” ಎಂದು ವಿಚಾರಿಸಿಯೂ ವಿಚಾರಿಸಿದರು.

ಸಹಾಯಕ್ಕೆಂದೇ ಕೀಬೋರ್ಡಿನ ಎಡತುದಿಯಲ್ಲಿ ಎಫ್1 ಇದೆ. ಹಿಂದೆ ಅದನ್ನು ಒತ್ತಿದರೆ ಕಂಪ್ಯೂಟರಿನೊಳಗಿನ ಸಹಾಯಪುಸ್ತಕ ತೆರೆಯುತ್ತಿತ್ತು. ವಿಂಡೋಸ್ 10ರಲ್ಲಿ ಒತ್ತಿ ನೋಡಿ. ಬ್ರೌಸರ್ ತೆರೆದು, ವಿಂಡೋಸ್ 10ರಲ್ಲಿ ಸಹಾಯ ಪಡೆಯುವುದು ಹೇಗೆ ಎಂದು ಅಂತರಜಾಲವನ್ನು ಕೇಳುತ್ತದೆ. ನಾವು ಅದನ್ನು ಕೇಳಿದೆವು, ಅದು ಇನ್ಯಾರನ್ನೋ ಕೇಳಿತು.

ಇದಕ್ಕೆಲ್ಲ ತದ್ವಿರುದ್ಧವಾದ ಒಂದು ಕೈಪಿಡಿ ಉಂಟು. 1971ರ ನವೆಂಬರ್ 3ರ ತಾರೀಖು ಹೊತ್ತ ಯೂನಿಕ್ಸ್ ಕೈಪಿಡಿ. ಬರೆದವರು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಅಂದರೆ ಯೂನಿಕ್ಸನ್ನು ಕಟ್ಟಿದವರೇ. ಬಣ್ಣವಿಲ್ಲ, ಚಿತ್ರವಿಲ್ಲ, ಟೈಪ್ ಮಾಡಿದ ಒಣ ಹಾಳೆಗಳು. ಪ್ರತಿಯೊಂದು ಆದೇಶಕ್ಕೂ ಹೆಸರು, ಬಳಸುವ ಬಗೆ, ವಿವರಣೆ. ಕೊನೆಯಲ್ಲಿ ಎರಡು ತಲೆಬರಹ. ಒಂದರ ಕೆಳಗೆ ದೋಷಗಳು: ಇದು ಇಂಥಿಂಥ ಕಡೆ ಕೈಕೊಡುತ್ತದೆ ಎಂದು ಮಾಡಿದವರೇ ಬರೆದಿಡುತ್ತಿದ್ದರು. ಇನ್ನೊಂದರ ಕೆಳಗೆ ಇದರ ಯಜಮಾನ ಯಾರು ಎಂದು ಚುಟುಕಾಗಿ ಹೆಸರು. ಕೈಕೊಟ್ಟಾಗ ಯಾರ ಬಾಗಿಲು ತಟ್ಟಬೇಕೆಂಬ ಗೊಂದಲವೇ ಇಲ್ಲ. ದೋಷಗಳ ತಲೆಬರಹ ಇವತ್ತಿಗೂ ಆ ವಂಶದ ಕೈಪಿಡಿಗಳಲ್ಲಿ ಉಳಿದಿದೆ. ಆ ವಂಶದ್ದೇ ರೀತಿನೀತಿಯ ಲಿನಕ್ಸ್ ಬಳಗದ ಉಬುಂಟು, ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿತ್ತು, 2011ರವರೆಗೆ. ನಮ್ಮಲ್ಲಿ ಆ ಸಿಡಿ ತರಿಸಿಕೊಂಡವರೆಷ್ಟೋ ಮಂದಿ; ಹಾಕಿಕೊಂಡವರ ವಿಚಾರ ಬೇರೆ. ಮೊದಲೇ ಹೇಳಿದೆನಲ್ಲ, ನನಗೂ ಇರಲಿ, ನಮ್ಮಪ್ಪನಿಗೂ ಇರಲಿ.

ಸೌಲಭ್ಯಗಳ ಪಟ್ಟಿಯನ್ನು ತಳದವರೆಗೆ ಓದುವ ತಾಳ್ಮೆಗೆ ಒಮ್ಮೊಮ್ಮೆ ಫಲವೂ ಸಿಗುತ್ತದೆ. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಲ್ಲಿ ಹತ್ತು ಭಾರತೀಯ ಭಾಷೆಗಳಿಗೆ ಫೊನೆಟಿಕ್ ಕೀಬೋರ್ಡ್ ಬಂತು, ಕನ್ನಡವೂ ಸೇರಿ. ಇಂಗ್ಲಿಷಿನಲ್ಲಿ ಉಚ್ಚಾರದಂತೆ ಹೊಡೆದರೆ ಕನ್ನಡದಲ್ಲಿ ಮೂಡುತ್ತದೆ. ಅಬ್ಬರದ ಮುಖ್ಯಾಂಶಗಳಲ್ಲಿ ಇರದ ಸಾಲು ಅದು. ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳನ್ನು ಪ್ರತ್ಯೇಕ ಹಾಕಿಸಿಕೊಳ್ಳದೆ ಪತ್ರ ಬರೆಯಬಹುದೆಂದು ಮಾವನಿಗೆ ತೋರಿಸಿದೆ. ಅವರು ಮೊದಲು ಹೊಡೆದದ್ದು ಅತ್ತೆಯ ಹೆಸರು, ಎರಡನೆಯದು ಗ್ಯಾಸ್ ಬುಕ್ ಮಾಡಬೇಕೆಂಬ ಜ್ಞಾಪನೆ.

ಅತ್ತೆಗೆ ಕಂಪ್ಯೂಟರ್ ಬೇಕಾದದ್ದು ಒಂದೇ ಕೆಲಸಕ್ಕೆ, ರವಿವಾರ ಸಂಜೆ ಹೊರದೇಶದ ಮಗಳ ಜೊತೆ ವಿಡಿಯೋದಲ್ಲಿ ಮಾತಾಡಲು. ಸ್ಪೈರಲ್ ಹಾಕಿದ ಪುಸ್ತಕವನ್ನು ಅವರ ಮುಂದಿಟ್ಟರೆ, “ಇದನ್ನು ಓದೋ ಹೊತ್ತಿಗೆ ಅವಳೇ ವಿಮಾನ ಹತ್ತಿ ಬಂದಿರ್ತಾಳೆ” ಎಂದರು. ಕೊನೆಗೆ ಮಾವ ತಾವೇ ಒಂದು ಕೈಪಿಡಿ ಬರೆದರು. ಹಳೆಯ ಹಾಜರಿ ಪುಸ್ತಕದ ಒಂದು ಹಾಳೆ, ಗುಂಡಗಿನ ಕನ್ನಡ ಅಕ್ಷರ, ಮಾನಿಟರಿನ ಪಕ್ಕದ ಗೋಡೆಗೆ ಟೇಪು. ಮೊದಲು ಗೋಡೆಯ ಸ್ವಿಚ್ಚು, ಆಮೇಲೆ ಪೆಟ್ಟಿಗೆಯ ಸ್ವಿಚ್ಚು. ಬೆಟ್ಟದ ಚಿತ್ರ ಬಂದ ಮೇಲೆ ಐದು ನಿಮಿಷ ಏನೂ ಮುಟ್ಟಬಾರದು. ಹಸಿರು ಗುಂಡಿ ಒಮ್ಮೆ ಮಾತ್ರ. ಯೂನಿಕ್ಸಿನ ಕತೆ ನನ್ನ ಬಾಯಿಂದ ಕೇಳಿದ್ದರ ಪ್ರಭಾವ ಇರಬೇಕು, ಕೆಳಗೆ ಅಡ್ಡಗೆರೆ ಎಳೆದು ತೊಂದರೆಗಳು ಎಂಬ ತಲೆಬರಹವನ್ನೂ ಹಾಕಿದ್ದರು. ಅದರ ಅಡಿಯಲ್ಲಿ ಒಂದೇ ಸಾಲು: ‘ಶಬ್ದ ಬಾರದಿದ್ದಲ್ಲಿ ನನ್ನನ್ನು ಕರೆಯತಕ್ಕದ್ದು.’

ಮುಂದಿನ ಸಲ ಹೋದಾಗ ಆ ಸಾಲಿನ ಕೆಳಗೆ ಅತ್ತೆಯ ಅಕ್ಷರದಲ್ಲಿ ಇನ್ನೊಂದು ಸೇರಿತ್ತು: ‘ಕರೆದಾಯಿತು. ಇವರಿಗೂ ಗೊತ್ತಿಲ್ಲ.’